ಆಳು ಕರೆದೊಯ್ದ ಕಮಾಂಡರರಿಗೆ ಮೇಸ್ತ್ರಿಯ ಅಹವಾಲು

ಸಹ್ಯಾದ್ರಿ ಬಿಡುಗಡೆ ಸೇನೆಯನ್ನು ಕಟ್ಟಿ, ನಡೆಸಿ, ಕಳೆದ ವಾರ ಬರಖಾಸ್ತು ಮಾಡಿದ ಕಮಾಂಡರ್ ಸಾಹೇಬರ ಪಾದಗಳಿಗೆ ಕಳಸದ ಮಗ್ಗುಲಿನ ಎಸ್ಟೇಟ್ ಕೂಲಿ ಲೈನಿನ ಮನೆಯಿಂದ ತಮ್ಮಯ್ಯ ಮೇಸ್ತ್ರಿಯ ಉದ್ದಂಡ ನಮಸ್ಕಾರಗಳು.

ಮಾನ್ಯರೇ,

ತಾವು ಬಂದೂಕು ಒಪ್ಪಿಸಿ, ಶಾಲು ಹೊದ್ದು, ಹೂಗುಚ್ಛ ಹಿಡಿದು ನಗುತ್ತಿರುವ ಫೋಟೋವನ್ನು ಪೇಪರಿನಲ್ಲಿ ಕಂಡು ಪರಮಾನಂದವಾಯಿತು. ಕಾಡಿನ ಗಂಜಿ ಮೈಗೆ ಚೆನ್ನಾಗಿಯೇ ಹತ್ತಿದೆ.

ನಾನೂ ಆಳು ಸೇರಿಸುವ ಕಸುಬಿನವನೇ. ಮೂವತ್ತು ವರ್ಷದಿಂದ ಕಾಫಿ ಕೊಯ್ಲಿಗೆ ಬಯಲುಸೀಮೆಯಿಂದ ಜನ ತರುತ್ತೇನೆ. ಒಬ್ಬೊಬ್ಬರ ಬಾಗಿಲಿಗೂ ಹೋಗಿ, ಅಜ್ಜಿಯ ಮಂಡಿನೋವು ವಿಚಾರಿಸಿ, ತಲೆಗೊಂದು ಕಂಬಳಿ ಕೊಟ್ಟು, ಜಿಗಣೆ ಇಲ್ಲವೆಂದು ಸುಳ್ಳು ಹೇಳಿ ಜೀಪು ಹತ್ತಿಸುವಷ್ಟರಲ್ಲಿ ನನ್ನ ಹೆಣ ಬೀಳುತ್ತದೆ. ತಾವಾದರೋ ಒಂಬತ್ತು ವರ್ಷದ ಹಿಂದೆ ಒಂದು ಸಂಜೆ ನಮ್ಮ ಲೈನಿಗೆ ದಯಮಾಡಿಸಿ, ನನ್ನ ಹೆಂಡತಿ ಸಿದ್ದಮ್ಮ ಬಡಿಸಿದ ಅಕ್ಕಿರೊಟ್ಟಿ, ಒಣಮೀನು ಚಟ್ನಿ ಉಂಡು, ಅರ್ಧ ಗಂಟೆಯ ಭಾಷಣದಲ್ಲಿ ನಮ್ಮ ಒಬ್ಬಳೇ ಮಗಳು ಸೌಜನ್ಯಳನ್ನು ಸೈನ್ಯಕ್ಕೆ ಸೇರಿಸಿಕೊಂಡಿರಿ. "ಆರೇ ತಿಂಗಳು ಮಾರಾಯ್ರೆ, ಭೂಮಿ ನಿಮ್ಮ ಹೆಸರಿಗೆ ಆಗ್ತದೆ, ಮಗಳೂ ಮನೆಗೆ ಬರ್ತಾಳೆ" ಎಂದಿರಿ. ಅದೂ ಒಂದು ಕಂಬಳಿಯ ಖರ್ಚಿಲ್ಲದೆ! ಕರೆದೊಯ್ದವನೇ ಮನೆ ಮುಟ್ಟಿಸುತ್ತಾನೆಂಬ ನಮ್ಮ ಕಸುಬಿನ ರೂಢಿ ನಂಬಿದ ಮುಟ್ಠಾಳ ನಾನು, ಇಲಿ ಕಡಿದ ತೂತಿಗೆ ಸಿದ್ದಮ್ಮ ಕೆಂಪು ನೂಲು ಹಾಕಿ ಹೊಲಿದಿದ್ದ ನನ್ನ ಕಂಬಳಿಯನ್ನೇ ಅವಳಿಗೆ ಹೊದಿಸಿ ಕಳುಹಿಸಿದೆ.

ತಮ್ಮ ಕೃಪೆಯಿಂದ ಕ್ರಾಂತಿ ನಮ್ಮಲ್ಲಿಗೂ ಬಂತು. ಪೊಲೀಸರು ವಾರಕ್ಕೆರಡು ಸಲ ಬಂದು ಅಕ್ಕಿ ಡಬ್ಬದೊಳಗೂ ಮಗಳನ್ನು ಹುಡುಕಿದರು. ಭೂಮಿ ಮಾತ್ರ ಎಸ್ಟೇಟಿನ ಸಾಹುಕಾರ ಚನ್ನಕೇಶವರ ಹೆಸರಿನಲ್ಲಿ ಸುಖವಾಗಿದೆ.

ಈಗ ಸಣ್ಣದೊಂದು ದೂರು. ಫೋಟೋದಲ್ಲಿ ಶರಣಾದ ಆರು ಜನರಿದ್ದಾರೆ. ಸಿದ್ದಮ್ಮ ಕನ್ನಡಕ ಒರೆಸಿ ಒರೆಸಿ ನೋಡಿ, "ಇದ್ರಲ್ಲಿ ನಮ್ಮ ಹುಡುಗಿ ಎಲ್ರೀ?" ಎಂದಳು. ನಾನೂ ಬೆರಳಿಟ್ಟು ಆರೂ ಮುಖ ಎಣಿಸಿದೆ; ಅವಳಿಲ್ಲ. ಹಿಂದೊಮ್ಮೆ ಕೊಯ್ಲು ಮುಗಿಸಿ ಆಳುಗಳೊಂದಿಗೆ ಊರಿಗೆ ಮರಳುವಾಗ ಶಿವಯ್ಯನೆಂಬ ಆಳು ಕೊಟ್ಟಿಗೆಹಾರದಲ್ಲಿ ಟೀ ಕುಡಿಯಲು ಇಳಿದು ಕಾಣೆಯಾದ. ಜೀಪು ನಿಲ್ಲಿಸಿ ಎರಡು ದಿನ ಹುಡುಕಿ, ಕುಡಿದು ಬಿದ್ದಿದ್ದವನನ್ನು ಹೊತ್ತು ತಂದು ಅವನ ತಾಯಿಗೆ ಒಪ್ಪಿಸಿದೆ. ಆಕೆ ನನ್ನನ್ನೇ ಬೈದಳು. ಬೈಸಿಕೊಳ್ಳುವುದೂ ಮೇಸ್ತ್ರಿಯ ಕೆಲಸವೇ ಅಲ್ಲವೇ, ಸಾಹೇಬರೇ?

ಆದ್ದರಿಂದ ತಾವು ಶಾಲು ಮಡಿಸಿಟ್ಟು, ಮತ್ತೊಮ್ಮೆ ಗುಡ್ಡ ಹತ್ತಿ, ಬಿಟ್ಟು ಬಂದವಳನ್ನು ಕರೆತರಬೇಕೆಂದು ಪ್ರಾರ್ಥನೆ. ನಡೆಯಲಾರಳಾದರೆ ಹೊತ್ತು ತನ್ನಿ. ಮಣ್ಣು ಮಾಡಿದ್ದರೆ ಜಾಗ ತೋರಿಸಿ. ಅವಳಮ್ಮ ಅಲ್ಲಿ ಕೂತು ಒಮ್ಮೆ ಬಾಯಿಬಿಟ್ಟು ಅಳಲಿ.

ತಮ್ಮನ್ನು ನಂಬಿ ಕೆಟ್ಟ, ತಮ್ಮ ವಿಶ್ವಾಸಿ,
ತಮ್ಮಯ್ಯ ಮೇಸ್ತ್ರಿ

ತಾ.ಕ.: ಫೋಟೋದಲ್ಲಿ ತಮ್ಮ ಕಾಲ ಬಳಿಯ ಚೀಲದಿಂದ ಇಣುಕುತ್ತಿರುವ ಕಂಬಳಿಗೆ ಕೆಂಪು ನೂಲಿನ ಹೊಲಿಗೆ ಇದೆ. ಸಿದ್ದಮ್ಮ ತನ್ನ ಕೈಕೆಲಸ ಗುರುತು ಹಿಡಿದಿದ್ದಾಳೆ. ಕಂಬಳಿ ತಾವೇ ಇಟ್ಟುಕೊಳ್ಳಿ. ಅದನ್ನು ಹೊದ್ದಿದ್ದವಳು ಯಾರೆಂದು ನೆನಪಿಲ್ಲ ಎಂದು ಮಾತ್ರ ದಯವಿಟ್ಟು ಉತ್ತರ ಬರೆಯಬೇಡಿ.