ಮೂರು ಊರಿಗೆ ಒಂದೇ ಬಣ್ಣ

ತನ್ನನ್ನು ತಾನೇ ಹೊಗಳಿಕೊಳ್ಳಬಾರದು ಎಂದು ಹಿರಿಯರು ಹೇಳುತ್ತಾರೆ. ಹಿರಿಯರಿಗೇನು, ಅವರನ್ನು ಹೊಗಳಲು ಮಕ್ಕಳು ಮೊಮ್ಮಕ್ಕಳು ಇರುತ್ತಾರೆ. ಪಿಯುಸಿ ಎರಡನೇ ವರ್ಷದ ಹುಡುಗನನ್ನು ಯಾರು ಹೊಗಳಬೇಕು? ಹಾಗಾಗಿ ಆ ಕೆಲಸವನ್ನು ನಾನೇ ವಹಿಸಿಕೊಂಡಿದ್ದೇನೆ. ಬಣ್ಣದ ವಿಷಯದಲ್ಲಿ ಸಿಂಧನೂರು ತಾಲೂಕಿನಲ್ಲಿ ನನ್ನಂಥ ಕಣ್ಣು ಇನ್ನೊಂದಿಲ್ಲ. ಸಾಕ್ಷಿ ಬೇಕಾದರೆ ನಮ್ಮತ್ತೆಯನ್ನು ಕೇಳಿ. ಸೀರೆ ಅಂಗಡಿಗೆ ಹೋಗುವಾಗ ನನ್ನನ್ನು ಕರೆದುಕೊಂಡೇ ಹೋಗುತ್ತಾಳೆ. ನಾನು ಆರಿಸಿದ ಸೀರೆಯನ್ನು ಮೊದಲು ಬದಿಗಿಟ್ಟು, ಆಮೇಲೆ ಉಳಿದವುಗಳಲ್ಲಿ ಹುಡುಕುತ್ತಾಳೆ. ಅಂದರೆ ಅವಳ ಆಯ್ಕೆ ನನ್ನ ಆಯ್ಕೆಯಿಂದಲೇ ಶುರುವಾಗುತ್ತದೆ ಎಂದಾಯಿತಲ್ಲ.

ನಾನು ಓದುತ್ತಿರುವುದು ಸೋದರಮಾವನ ಮನೆಯಲ್ಲಿದ್ದುಕೊಂಡು. ಮಾವನದು ಬೆಳೆ ಕೊಯ್ಯುವ ಮಷಿನ್‌ಗಳನ್ನು ಬಾಡಿಗೆಗೆ ಕಳಿಸುವ ವ್ಯವಹಾರ. ಸಿಂಧನೂರು, ಮಸ್ಕಿ, ಲಿಂಗಸೂಗೂರು ಮೂರೂ ಕಡೆ ಆಫೀಸು. ಆಫೀಸು ಎಂದರೆ ಒಂದು ಶಟರ್, ಎರಡು ಕುರ್ಚಿ, ಊದುಬತ್ತಿ ಹಚ್ಚಿದ ದೇವರ ಫೋಟೊ, ಮತ್ತೆ ಬಾಯಿ ಮುಚ್ಚದ ಒಂದು ಫೋನು. ಯಾವ ಊರಲ್ಲಿ ಬೆಳೆ ಹಣ್ಣಾಗಿದೆ, ಯಾವ ಮಷಿನ್ ಎಲ್ಲಿಗೆ ಹೋಗಬೇಕು ಎಂಬುದೆಲ್ಲ ಮಾವನ ತಲೆಯಲ್ಲಿ. ಸುಗ್ಗಿಯಲ್ಲಿ ಅವನು ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈಯಲ್ಲಿ ಫೋನು ಹಿಡಿದೇ ಊಟ ಮಾಡುತ್ತಾನೆ. ಒಮ್ಮೆ ಫೋನನ್ನು ಪಲ್ಯಕ್ಕೆ ಅದ್ದಿ ರೊಟ್ಟಿಯನ್ನು ಕಿವಿಗೆ ಹಿಡಿದು 'ಹಲೋ' ಎಂದಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಾವ ಒಪ್ಪುವುದಿಲ್ಲ. ಆದರೆ ಆ ಫೋನಿಗೆ ಇವತ್ತಿಗೂ ಬದನೆಕಾಯಿ ವಾಸನೆ ಇದೆ.

ಮಾವನ ಮಗಳು ನಾಗವೇಣಿ ಅಕ್ಕ ಬಿ.ಕಾಂ ಮುಗಿಸಿ, ವಿಡಿಯೊ ನೋಡಿ ನೋಡಿ ಡ್ಯಾಶ್‌ಬೋರ್ಡ್ ಮಾಡುವುದನ್ನು ಕಲಿತಿದ್ದಳು. ಯಾವ ಹೊಲ, ಯಾವ ಬೆಳೆ, ಯಾವ ಮಷಿನ್ ಎಲ್ಲಿದೆ ಎಲ್ಲವೂ ಒಂದೇ ಪರದೆಯ ಮೇಲೆ. ಊರಿನ ಹೆಸರು ಒತ್ತಿದರೆ ಆ ಊರಿನ ಹೊಲಗಳು ಬಿಚ್ಚಿಕೊಳ್ಳುತ್ತವೆ, ಹೊಲ ಒತ್ತಿದರೆ ಹೊಲದ ಒಡೆಯನ ಹೆಸರು ಬರುತ್ತದೆ. ಈ ಸಲದ ಸುಗ್ಗಿಗೆ ಮುಂಚೆ ಅವಳು ಮಾವನ ಮುಂದೆ ನಿಂತು, "ಅಪ್ಪಾ, ಮಷಿನ್ ಕಳಿಸೋ ಕೆಲಸ ನನಗ ಕೊಡು" ಎಂದಳು.

"ಡ್ರೈವರ್‌ಗಳನ್ನ ಬೈಯೋದು ನಿನ್ನ ಕೈಲೆ ಆಕ್ಕತೇನವ್ವಾ?"

"ಬೈಯೋದ ಬ್ಯಾಡ. ಮೊಬೈಲ್ ನೋಡಿ ತಾವ ಹೋಗ್ತಾರ."

ಮಾವ ಬಾಯೊಳಗಿನ ಅಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ಸರಿಸಿದ. "ಆತು. ಈ ಸುಗ್ಗಿ ನೋಡ್ತೀನಿ. ಒಂದು ಹೊಲ ಕೆಡ್ತಂದ್ರ ಎಲ್ಲಾ ಲಿಂಗಸೂಗೂರಿನ ನಿಮ್ಮ ಕಾಕಾಗ ಒಪ್ಪಿಸ್ತೀನಿ. ಆಮ್ಯಾಲ ಮಾರಿ ಉಬ್ಬಿಸ್ಕೊಂಡು ಕುಂದರಬ್ಯಾಡ."

ಆ ಕಾಕಾ ಎಂದರೆ ಮಾವನ ತಮ್ಮ, ನನಗೆ ಸಣ್ಣಮಾವ. ಲಿಂಗಸೂಗೂರು ಆಫೀಸು ನೋಡಿಕೊಳ್ಳುವವನು. ಅಣ್ಣ ಯಾವಾಗ ಸುಸ್ತಾದೆ ಎನ್ನುತ್ತಾನೋ ಎಂದು, ಊಟದ ಪಂಕ್ತಿಯಲ್ಲಿ ಹೋಳಿಗೆಗೆ ಕಾದವನಂತೆ ಕಾಯುತ್ತಿದ್ದ.

ಅಕ್ಕ ಲೆಕ್ಕಾಚಾರದ ಕೆಲಸ ಇಟ್ಟುಕೊಂಡು, ಅಂದಚೆಂದದ ಕೆಲಸವನ್ನು ನನಗೆ ಬಿಟ್ಟಳು. ಜೀವನದಲ್ಲಿ ಆಮೇಲೆ ಅವಳು ಆ ಥರದ ತೀರ್ಮಾನ ಮಾಡಿಲ್ಲ. ಮೂರು ಊರಿಗೆ ಮೂರು ಪುಟ. ಮೂರೂ ಒಂದೇ ಥರ ಇದ್ದರೆ ಕಲೆಗೆ ಅವಮಾನವಲ್ಲವೇ? ಸಿಂಧನೂರಿನ ಪುಟಕ್ಕೆ ಗುಲಾಬಿ ಹಿನ್ನೆಲೆ ಕೊಟ್ಟು, ಮೇಲಿಂದ ಹೂವು ಉದುರುವಂತೆ ಮಾಡಿದೆ. ಮಸ್ಕಿಗೆ ಮದುವೆ ಪತ್ರಿಕೆಯ ಅಂಚು. ಲಿಂಗಸೂಗೂರಿಗೆ ಕಪ್ಪು ಪರದೆ, ಅದರ ಮೇಲೆ ಮಿಣಮಿಣ ಮಿಂಚುವ ಅಕ್ಷರ. ಮಷಿನ್‌ಗಳಿಗೂ ಅಷ್ಟೇ, ಸಿಂಧನೂರಿನಲ್ಲಿ ನೀಲಿಯಾಗಿದ್ದ ಮಷಿನ್ ಮಸ್ಕಿ ಗಡಿ ದಾಟಿದರೆ ನೇರಳೆ, ಲಿಂಗಸೂಗೂರು ಮುಟ್ಟಿದರೆ ಕೇಸರಿ. ಮಾವ ಕನ್ನಡಕ ಏರಿಸಿ ನೋಡಿ, "ನಮಗ ಇಷ್ಟು ಮಷಿನ್ ಯಾವಾಗ ಬಂದ್ವಲೇ?" ಎಂದು ಖುಷಿಪಟ್ಟ. ಆಮೇಲೆ, "ಈ ಹೂವು ಯಾಕ ಬೀಳಾಕತ್ತಾವ? ಯಾರರ ಹೋಗ್ಯಾರೇನು?" ಎಂದು ಕೇಳಿದ.

ಅಕ್ಕ ಬೈಯಲಿಲ್ಲ. ಅವಳ ಈ ಗುಣವೇ ನನಗೆ ಭಯ. ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡು, "ತಮ್ಮಾ, ಒಂದು ಮಷಿನ್ ಊರಿಗೊಂದು ಅಂಗಿ ಹಾಕ್ಕೊಂಡ್ರ ಗುರ್ತು ಹೆಂಗ ಹಿಡೀಬೇಕು?" ಎಂದಳು. ಆಮೇಲೆ ಬಣ್ಣ, ಅಕ್ಷರದ ಗಾತ್ರ, ಒತ್ತುವ ಗುಂಡಿಯ ಆಕಾರ ಎಲ್ಲವನ್ನೂ ಒಂದೇ ಕಡತದಲ್ಲಿ ಬರೆದಳು. ಅದಕ್ಕೆ ಥೀಮ್ ಎನ್ನುತ್ತಾರಂತೆ. ಮೂರೂ ಪುಟಗಳು ಅದರಿಂದಲೇ ಬಣ್ಣ ತೆಗೆದುಕೊಳ್ಳಬೇಕು, ಸ್ವಂತ ಬುದ್ಧಿ ಉಪಯೋಗಿಸುವಂತಿಲ್ಲ. ಅವಳು ಇಲ್ಲಿ ಕೂತು ಒಂದು ಸಾಲು ತಿದ್ದಿದರೆ ಅಲ್ಲಿ ಲಿಂಗಸೂಗೂರಿನಲ್ಲಿ ಸಣ್ಣಮಾವನ ಮೊಬೈಲು ಬಣ್ಣ ಬದಲಿಸುತ್ತದೆ. ಸಣ್ಣಮಾವನ ಕೈಯಲ್ಲಿರುವ ಯಾವುದೇ ವಸ್ತು ಇನ್ನೊಬ್ಬರ ಮಾತು ಕೇಳಿದ್ದನ್ನು ನಮ್ಮ ಮನೆತನ ಅದೇ ಮೊದಲು ನೋಡಿದ್ದು. ನನ್ನ ಹೂವುಗಳು ಹೋದವು ಎಂಬ ದುಃಖದ ನಡುವೆಯೂ ನಾನು ಬಾಯಿ ತೆರೆದು ನೋಡುತ್ತಿದ್ದೆ. ಮೂರು ಪುಟಗಳೂ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತಿದ್ದವು. ಒಂದನ್ನು ಓದಲು ಬಂದರೆ ಮೂರನ್ನೂ ಓದಲು ಬಂದಂತೆ.

ಹೊಲಗಳಿಗೆ ಯಾವ ಬಣ್ಣ ಎಂಬ ಪ್ರಶ್ನೆ ಬಂದಾಗ ಮಾತ್ರ ಅವಳು ಎಲ್ಲರೂ ಮಾಡುವುದನ್ನೇ ಮಾಡಿದಳು. ಮಷಿನ್ ಹೋಗಬಹುದಾದ ಹೊಲಕ್ಕೆ ಹಸಿರು, ಇನ್ನೂ ಸ್ವಲ್ಪ ತಡೆಯಬೇಕಾದ ಹೊಲಕ್ಕೆ ಹಳದಿ, ಹೋಗಲೇಬಾರದ ಹೊಲಕ್ಕೆ ಕೆಂಪು. "ಸಿಗ್ನಲ್ ಇದ್ದಂಗ. ಸಣ್ಣ ಹುಡುಗರಿಗೂ ತಿಳಿತೈತಿ" ಎಂದು ನಾನು ತಜ್ಞನ ಮುದ್ರೆ ಒತ್ತಿದೆ. ಎಲ್ಲ ಡ್ರೈವರ್‌ಗಳ ಮೊಬೈಲಿಗೂ ಅದು ಹೋಯಿತು.

ಮರುದಿನ ಬೆಳಗ್ಗೆ ಮೋಡ ಕಟ್ಟಿತ್ತು. ನಾನು ಉಪ್ಪಿಟ್ಟು ತಿನ್ನುತ್ತಿದ್ದಾಗ ಗೊರೇಬಾಳದಿಂದ ಮಾವನಿಗೆ ಫೋನು. ಅಲ್ಲಿನ ಬಸವಂತಪ್ಪ ಎಂಬ ರೈತರದು. "ಏನ್ ಗೌಡ್ರೇ, ನೆಲ್ಲು ಹಣ್ಣಾಗಿ ಬಾಗಿ ನಿಂತೈತಿ, ಮ್ಯಾಲ ಮೋಡ ನೋಡಿದ್ರ ಎದಿ ಒಡೀತೈತಿ. ಎಲ್ಲೈತ್ರೀ ನಿಮ್ಮ ಮಷಿನ್?" ಆ ಫೋನು ಇಡುವಷ್ಟರಲ್ಲಿ ಮುಕ್ಕುಂದದ ಯಮನವ್ವನ ಫೋನು. "ನಿಮ್ಮ ಡ್ರೈವರ್‌ಗ ಕಣ್ಣ ಅದಾವೋ ಇಲ್ಲೋ? ಇನ್ನಾ ಹಾಲಗಾಳು, ಬಲಿತಿಲ್ಲ, ಹೊಲದಾಗ ಮಷಿನ್ ಇಳಸಾಕ ಬಂದಾನ. ನಾ ಬಡಿಗಿ ಹಿಡಕೊಂಡು ಅಡ್ಡ ನಿಂತೀನಿ." ಅದು ಮುಗಿಯುತ್ತಲೇ ಮಸ್ಕಿಯಿಂದ, ಸಂತೆಕಲ್ಲೂರಿನ ಮೆಕ್ಕೆಜೋಳದ ಗಲಾಟೆ. ಕೊನೆಗೆ ಸಣ್ಣಮಾವ. ಅವನ ಧ್ವನಿಯಲ್ಲಿ ಹೋಳಿಗೆ ಎಲೆಗೆ ಬಿದ್ದ ಸಂತೋಷವಿತ್ತು. "ಅಣ್ಣಾ, ಇಲ್ಲೂ ಉಲ್ಟಾ ಹೊಡದೈತಿ. ಹುಡುಗಿ ಆಟ ಸಾಕೇನು, ನಾ ಬರ್ಲೇನು?"

ಮಾವ ಅಕ್ಕನ ಕಡೆ ನೋಡಿದ. "ವೇಣಿ, ಮಾತು ಆಗಿತ್ತಿಲ್ಲೋ?"

"ಹೊಲ ಇನ್ನಾ ಕೆಟ್ಟಿಲ್ಲಪ್ಪ" ಎಂದಳು ಅಕ್ಕ. ನಾನಾಗಿದ್ದರೆ ಆ ಹೊತ್ತಿಗೆ ಮಂಚದ ಕೆಳಗೆ ಇರುತ್ತಿದ್ದೆ. ಅವಳು ಗೊರೇಬಾಳಕ್ಕೆ ಹೋಗಬೇಕಿದ್ದ ಡ್ರೈವರ್ ಹನುಮೇಶನಿಗೆ ಫೋನು ಹಚ್ಚಿದಳು. ಅವನು ಮುಕ್ಕುಂದದಲ್ಲಿ ಯಮನವ್ವನ ಬಡಿಗೆಗೆ ಹೆದರಿ ಮಷಿನ್ ಮೇಲೆಯೇ ಕೂತಿದ್ದ.

"ಹನುಮೇಶಣ್ಣ, ಗೊರೇಬಾಳಕ್ಕ ಯಾಕ ಹೋಗ್ಲಿಲ್ಲ?"

"ಅದಕ್ಕ ನೀನ ಹಸರ ಹಚ್ಚಿದೆಲ್ಲಬೇ ಯಕ್ಕಾ. ಹಸರ ನೆಲ್ಲು ಯಾರ ಕೊಯ್ತಾರ? ಮುಕ್ಕುಂದ ಹಳದಿ ಆಗಿತ್ತು, ಹಣ್ಣಾಗೈತಿ ಅಂತ ಬಂದೆ."

ಸಿಗ್ನಲ್ ದೀಪ ಕಂಡವರು ಹಸಿರಿಗೆ ಹೊರಡುತ್ತಾರೆ. ಕಾಲುವೆ ನೀರಿನ ಭತ್ತದ ಗದ್ದೆಯಲ್ಲಿ ಹುಟ್ಟಿ ಬೆಳೆದವನು ಹಸಿರು ಕಂಡರೆ ನಿಲ್ಲುತ್ತಾನೆ, ಹಳದಿ ಕಂಡರೆ ಕುಡುಗೋಲು ಮಸೆಯುತ್ತಾನೆ. ನಾನೂ ಅದೇ ನೀರು ಕುಡಿದವನು, ಆದರೆ ತಜ್ಞನಾದ ಮೇಲೆ ಅಂಥದ್ದೆಲ್ಲ ನೆನಪಿರುವುದಿಲ್ಲ.

ಅಕ್ಕ ನಕ್ಕಳು. ತಲೆ ಕೆಟ್ಟಿತೇನೋ ಎಂದುಕೊಂಡೆ. "ಅಪ್ಪಾ, ಮೂರೂ ಊರಾಗ ಎಲ್ಲಾರೂ ಒಂದ ಥರ ತಪ್ಪು ತಿಳಕೊಂಡಾರ. ಅಂದ್ರ ಎಲ್ಲಾರೂ ಬರೋಬ್ಬರಿ ಓದ್ಯಾರ. ತಪ್ಪು ಒಂದ ಕಡೆ ಐತಿ, ನನ್ನ ಹತ್ರ." ಅಷ್ಟು ಹೇಳಿ ಆ ಥೀಮ್ ಕಡತ ತೆರೆದಳು. ಹೋಗಬಹುದಾದ ಹೊಲಕ್ಕೆ ಹಣ್ಣಾದ ನೆಲ್ಲಿನ ಬಂಗಾರದ ಬಣ್ಣ. ಬಲಿಯದ ಹೊಲಕ್ಕೆ ಹಸಿರು, ಬಲಿಯುತ್ತ ಬಂದಂತೆ ತಿಳಿಹಸಿರು. ಕೊಯ್ದು ಮುಗಿದರೆ ಮಣ್ಣಿನ ಬಣ್ಣ. ಕೆಂಪು ಬರೀ ಕೆಟ್ಟು ನಿಂತ ಮಷಿನ್‌ಗೆ. ತಿದ್ದಿದ್ದು ಬೆರಳೆಣಿಕೆಯ ಸಾಲು. ನನ್ನ ಗುಲಾಬಿ, ಅಂಚು, ಮಿಣಮಿಣಗಳು ಇದ್ದಿದ್ದರೆ ಮೂರು ಪುಟ ಬಿಚ್ಚಿ ಒಂದೊಂದು ಗುಂಡಿ ಹುಡುಕಿ ತಿದ್ದುವಷ್ಟರಲ್ಲಿ ಬಸವಂತಪ್ಪನವರ ನೆಲ್ಲು ಹೊಲದಲ್ಲೇ ಮೊಳಕೆ ಒಡೆಯುತ್ತಿತ್ತು.

ಮಾವನ ಕೈಯಲ್ಲಿದ್ದ ಫೋನಿನಲ್ಲಿ ಗೊರೇಬಾಳ ಬಂಗಾರವಾಯಿತು. ಮುಕ್ಕುಂದ ಹಸಿರಾಯಿತು. ಮಾವ ಮೆಲ್ಲಗೆ ಗೊರೇಬಾಳವನ್ನು ಒತ್ತಿದ. ಹೊಲ ಬಿಚ್ಚಿಕೊಂಡಿತು, ಹನುಮೇಶನ ಮಷಿನ್ ಅತ್ತ ಸರಿಯತೊಡಗಿತು. ಮಾವ ಅದನ್ನು ಕ್ರಿಕೆಟ್ ಮ್ಯಾಚ್ ನೋಡುವಂತೆ ನೋಡುತ್ತ ಕೂತ, ರೊಟ್ಟಿಯನ್ನು ಎರಡೂ ಕೈಯಿಂದ ಮುರಿದು ಉಂಡ. ಸಂಜೆ ಮಳೆ ಬಂದಾಗ ಬಸವಂತಪ್ಪನವರ ಹೊಲ ಪರದೆಯ ಮೇಲೆ ಮಣ್ಣಿನ ಬಣ್ಣದಲ್ಲಿತ್ತು, ನೆಲ್ಲು ತಾಡಪಾಲಿನ ಕೆಳಗೆ ಬೆಚ್ಚಗಿತ್ತು. ಮಾವ ಸಣ್ಣಮಾವನಿಗೆ ಫೋನು ಮಾಡಿ, "ನಾಳಿಂದ ಮಷಿನ್ ಬೇಕಾದ್ರ ವೇಣಿನ್ನ ಕೇಳು. ನನ್ನ ಕೇಳಿದ್ರ ನಾನೂ ಅಕಿನ್ನ ಕೇಳಬೇಕು" ಎಂದ. ಮಗಳನ್ನು ಅವನು ಹೊಗಳಿದ್ದು ಅಷ್ಟೇ. ಆದರೆ ಆಮೇಲೆ ಚಹಾದಂಗಡಿಯಲ್ಲಿ ಗುರುತಿಲ್ಲದವರಿಗೂ ಫೋನು ತೋರಿಸಿ, "ಒತ್ತಿ ನೋಡ್ರಿ, ಏನಾಗಂಗಿಲ್ಲ" ಎನ್ನುತ್ತಾನೆ.

ಅಧಿಕಾರ ಕೈಗೆ ಬಂದ ಮೇಲೆ ಅಕ್ಕ ಇನ್ನೊಂದು ಪುಟ ಸೇರಿಸಿದಳು. ಕೆಲಸ ಮಾಡುವವರೆಲ್ಲರ ಹೆಸರಿನ ಪುಟ, ಅದೇ ಥೀಮಿನಲ್ಲಿ. ಹನುಮೇಶ ಬಂಗಾರ. ಸಣ್ಣಮಾವನೂ ಬಂಗಾರ, ಅಕ್ಕ ಮನುಷ್ಯರನ್ನೂ ನಡೆಸಬಲ್ಲಳು ಎಂದು ಆಗ ತಿಳಿಯಿತು. ನನ್ನ ಹೆಸರು ಗಾಢ ಹಸಿರಿನಲ್ಲಿತ್ತು. ಒತ್ತಿ ನೋಡಿದೆ. 'ಇನ್ನೂ ಬಲಿತಿಲ್ಲ' ಎಂದು ಬಂತು.

"ಯಕ್ಕಾ, ನನಗಷ್ಟ ಬ್ಯಾರೆ ಬಣ್ಣ ಹಾಕಬೇ."

"ಒಬ್ಬರ ಸಲುವಾಗಿ ಬದಲಾದ್ರ ಅದು ಥೀಮ್ ಹೆಂಗಾಕ್ಕತಿ ತಮ್ಮಾ?"

ಅಕ್ಕನ ವ್ಯವಸ್ಥೆಯಲ್ಲಿ ನಾನು ಕಂಡ ದೋಷ ಅದೊಂದೇ. ಮೊದಲಾದರೆ ಸಿಂಧನೂರಿನಲ್ಲಿ ಮಾನ ಹೋದರೆ ಬಸ್ಸು ಹತ್ತಿ ಮಸ್ಕಿಗೋ ಲಿಂಗಸೂಗೂರಿಗೋ ಹೋಗಿ ದೊಡ್ಡ ಮನುಷ್ಯನಂತೆ ಓಡಾಡಬಹುದಿತ್ತು. ಈಗ ಮೂರೂ ಊರಿನಲ್ಲಿ ನಾನು ಒಂದೇ ಹಸಿರು.