ಭಾವ ಬರೆದ ಸಾಹೇಬರ ಚರಿತ್ರೆ

ನನ್ನ ಭಾವನಿಗೆ ಎರಡು ಸಂಸಾರ. ಬೇರೇನೋ ಊಹಿಸಬೇಡಿ! ಒಂದು ನನ್ನ ಅಕ್ಕನದು. ಇನ್ನೊಂದು, ತೀರಿಹೋಗಿ ನೂರು ವರ್ಷವಾಗುತ್ತ ಬಂದ ಒಬ್ಬ ಅಮೆರಿಕದ ಸಾಹೇಬರದು. ಈ ಸಾಹೇಬರು ಹತ್ತೊಂಬತ್ತನೇ ಶತಮಾನದಲ್ಲಿ ತಾಮ್ರದ ಗಣಿಯ ಎಂಜಿನಿಯರ್ ಆಗಿ ಕೈತುಂಬ ಗಳಿಸಿ, ಗಳಿಸಿದ್ದನ್ನು ಸಮುದ್ರದ ತಳದ ಹುಳುಹುಪ್ಪಟೆ ಹುಡುಕಲು ಸುರಿದವರು. ಗಲ್ಫಿನ ಅಹ್ಮದಿ ಎಂಬ ಊರಿನ ತೈಲ ಕಂಪೆನಿಯೊಂದರ ಸ್ಟೋರಿನಲ್ಲಿ ನಟ್ಟು ಬೋಲ್ಟು ಎತ್ತಿಕೊಡುವ ನಮ್ಮ ಭಾವ ಅವರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದರು. ಬರೆಯಿರಿ ಎಂದು ಕೇಳಿದವರು ಯಾರು? ಯಾರೂ ಇಲ್ಲ!

"ಅವರೂ ನೆಲ ಅಗೆದವರು, ನಾವೂ ನೆಲ ಅಗೆಯುವವರು. ಒಂದೇ ಕುಲ ಮಾರಾಯ!" ಎನ್ನುತ್ತಿದ್ದರು. ಹದಿನೆಂಟು ವರ್ಷದ ಸರ್ವಿಸಿನಲ್ಲಿ ಭಾವ ಅಗೆದದ್ದೆಂದರೆ ಬಾಲ್ಕನಿಯ ಕುಂಡದಲ್ಲಿದ್ದ ಬಸಳೆಯ ಬುಡ ಮಾತ್ರ.

ಶುಕ್ರವಾರದ ರಜೆಗೆ ಇಗರ್ಜಿಯ ಪ್ರಾರ್ಥನೆ ಮುಗಿಸಿ ಬಂದ ಮೇಲೆ ನನಗೆ ಅವರ ಮನೆಯಲ್ಲಿ ಊಟ. ಊಟಕ್ಕೆ ಮೊದಲು ಒಂದು ಅಧ್ಯಾಯದ ಪಾರಾಯಣ! ಹಸಿದವನಿಗೆ ಕೋಳಿಸಾರಿನ ಪರಿಮಳ ತೋರಿಸಿ ಹವಳದ ದಿಬ್ಬದ ಕಥೆ ಹೇಳುವುದು ಯಾವ ನ್ಯಾಯ? ಅವರ ಮಗಳು ವಾರವಾರವೂ ಕೇಳುತ್ತಿದ್ದಳು: "ಡ್ಯಾಡಿ, ಇಸ್ ಹೀ ಡೆಡ್ ಯೆಟ್?"

ಗಣಿಯ ಉಕ್ಕಿನ ಹಗ್ಗವನ್ನೇ ಸಮುದ್ರಕ್ಕಿಳಿಸಿ ಸಾಹೇಬರು ಆಳದ ಜೀವಿಗಳನ್ನು ಎತ್ತುತ್ತಿದ್ದರಂತೆ. ಭಾವ ಬಿಡುತ್ತಾರೆಯೇ? ಗುಜರಿ ತಂತಿಗೆ ಅಕ್ಕನ ತರಕಾರಿ ಬುಟ್ಟಿ ಕಟ್ಟಿ ಪಕ್ಕದ ಊರು ಫಹಾಹೀಲಿನ ಕಡಲಿಗೆ ಎಸೆದರು. ಅರ್ಧ ಗಂಟೆ ಎಳೆದಾಡಿದ ಮೇಲೆ ಬಂದದ್ದು ಎಡಗಾಲಿನ ಒಂದು ಚಪ್ಪಲಿ. ನೋಡುತ್ತ ನಿಂತಿದ್ದ ಪಠಾಣ್ ಕಾವಲುಗಾರ ಬಹಳ ಗಂಭೀರವಾಗಿ ವಿಚಾರಿಸಿದ: "ಭಾಯಿ, ದೂಸ್ರಾ ಕಿಧರ್?"

ನನ್ನ ನಗು ಅಲ್ಲಿಗೆ ಮುಗಿಯಿತು. ಅದೇ ವರ್ಷ ಅಕ್ಕನ ಎದೆಯಲ್ಲಿ ಗಂಟು ಕಾಣಿಸಿಕೊಂಡು, ಆಪರೇಷನ್ನಿಗೆ ದಿನ ಗೊತ್ತಾಯಿತು. ಉಳಿಯುತ್ತಾಳೋ ಇಲ್ಲವೋ ಎಂದು ನಾವೆಲ್ಲ ಒದ್ದಾಡುತ್ತಿದ್ದರೆ, ಈ ಮಹಾನುಭಾವ ಅವಳ ಮಂಚದ ಪಕ್ಕ ಕುಳಿತು ಸಾಹೇಬರ ಹಡಗಿನ ಕಥೆ ಓದುತ್ತಿದ್ದರು! ಸಾಹೇಬರ ಹೆಂಡತಿ ಶಾಲು ಹೊದ್ದು ಡೆಕ್ಕಿನ ಮೇಲೆ ಚಹಾ ಸೋಸುತ್ತಿದ್ದಳಂತೆ. ನನಗೆ ಮೈಯೆಲ್ಲ ಉರಿಯಿತು. ಇವರ ಪಾಂಡಿತ್ಯವನ್ನು ಬಯಲಿಗೆಳೆಯಲೇಬೇಕೆಂದು ಆಫೀಸಿನ ಕಂಪ್ಯೂಟರಿನಲ್ಲಿ ಹುಡುಕಿದೆ. ಸಿಕ್ಕಿತು! ಪ್ರಿಂಟ್ ತೆಗೆದು, ಅಡುಗೆಮನೆಯಲ್ಲಿ ಅಕ್ಕನಿಗೆ ಗಂಜಿ ಬೇಯಿಸುತ್ತಿದ್ದ ಭಾವನ ಮುಂದೆ ಹಿಡಿದೆ.

"ಎಂತ ಚರಿತ್ರೆ ಭಾವ ಇದು? ಆ ಹೆಂಗಸು ಮೂವತ್ತು ದಾಟುತ್ತಲೇ ತೀರಿಕೊಂಡಿದ್ದಾಳೆ. ನೀವು ಮತ್ತೆ ಇಪ್ಪತ್ತು ವರ್ಷ ಅವಳ ಕೈಯಲ್ಲಿ ಚಹಾ ಮಾಡಿಸ್ತಾ ಇದ್ದೀರಿ!"

ಭಾವ ಗ್ಯಾಸ್ ಸಣ್ಣ ಮಾಡಿದರು.

"ಗೊತ್ತುಂಟು ಮಾರಾಯ. ಮೊದಲು ಸರಿಯಾಗಿಯೇ ಬರೆದದ್ದು. ಡಾಕ್ಟರ್ ಗಂಟಿನ ವಿಷಯ ಹೇಳಿದ ದಿನ ಆ ಪುಟ ಹರಿದೆ. ನಿನ್ನ ಅಕ್ಕ ದಿನಾ ಅವಳದ್ದೇ ಸುದ್ದಿ ಕೇಳ್ತಾಳೆ. ಹೇಗೆ ಸಾಯಿಸ್ಲಿ, ಹೇಳು?"

ಇಷ್ಟು ವರ್ಷ ಈ ಮನುಷ್ಯನನ್ನು ಆಡಿಕೊಂಡು ನಕ್ಕದ್ದಕ್ಕೆ ನನಗೆ ನಾಚಿಕೆಯಾಯಿತು. ಪ್ರಿಂಟನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಆಪರೇಷನ್ ದಿನ ಬೆಳಿಗ್ಗೆ ಅಕ್ಕ ನನ್ನ ಕೈ ಹಿಡಿದುಕೊಂಡಳು.

"ಇವರು ಸುಳ್ಳು ಬರೀತಾರೆ ಅಂತ ನನಗೆ ಸಂಶಯ. ನೀನು ಹೇಳು, ಆ ಹೆಂಗಸು ನಿಜವಾಗಿ ಮುದುಕಿ ಆಗುವವರೆಗೆ ಇದ್ದಳಾ?"

ಭಾವ ಕಿಟಕಿಯ ಕಡೆಗೆ ತಿರುಗಿ ನಿಂತರು.

"ಇದ್ದಳಕ್ಕ," ಎಂದೆ. "ನಾನೇ ಕಂಪ್ಯೂಟರಿನಲ್ಲಿ ನೋಡಿದ್ದೇನೆ. ಸಾಹೇಬರಿಗಿಂತ ಜಾಸ್ತಿ ಬದುಕಿದ್ದು ಅವಳೇ."