ನೆಟ್ಟಗಿನ ಗೆರೆ ಯಾವುದೆಂದು ಕೇಳಿದ ಪ್ರಿಂಟರಿಗೆ

ಮಾನ್ಯ ಪ್ರಿಂಟರ್ ಮಹಾಶಯರೇ,

ಮಲ್ಲಂದೂರಿನ ನಮ್ಮ ಕಾಫಿ ಎಸ್ಟೇಟಿನ ಆಫೀಸಿನಲ್ಲಿ ಕಂಪ್ಯೂಟರಿನ ಪಕ್ಕ ಕಸೂತಿಯ ಬಟ್ಟೆ ಹೊದ್ದು ವಿರಾಜಮಾನರಾಗಿರುವ ತಮ್ಮ ಸನ್ನಿಧಿಗೆ, ಇಪ್ಪತ್ತೆರಡು ವರ್ಷಗಳಿಂದ ಇಲ್ಲಿ ರೈಟರ್ ಆಗಿ ಕಾಗದಪತ್ರ ನೋಡಿಕೊಳ್ಳುತ್ತಿರುವ ಗುರುವಯ್ಯನು ಕೈಮುಗಿದು ಮಾಡಿಕೊಳ್ಳುವ ಅರಿಕೆ. ೨೦೦೩ರ ಈ ಮಳೆಗಾಲದಲ್ಲಿ ತಾವು ಕ್ಷೇಮವೆಂದು ನಂಬಿದ್ದೇನೆ. ತಮಗೆ ಥಂಡಿಯಾಗದಿರಲೆಂದು ಪಕ್ಕದಲ್ಲಿ ಬಲ್ಬು ಉರಿಸಿಡುವವನು ನಾನೇ.

ನಮ್ಮ ಕೂಲಿ ಲೈನಿನ ತಂಗಮ್ಮನ ಮಗಳು ಯಶೋದಾಗೆ ನರ್ಸಿಂಗ್ ತರಬೇತಿಗೆ ಸೀಟು ಸಿಕ್ಕಿ, ಅವಳು ಈ ಎಸ್ಟೇಟಿನಲ್ಲೇ ಹುಟ್ಟಿ ಬೆಳೆದವಳೆಂಬ ಮುದ್ರಿತ ಪತ್ರವನ್ನು ಶುಕ್ರವಾರದೊಳಗೆ ಒಪ್ಪಿಸಬೇಕಿತ್ತು. ತಾವು ಧಾರಾಳಿಗಳು, ಒಂದೊಂದು ಅಕ್ಷರವನ್ನೂ ಪಕ್ಕಪಕ್ಕದಲ್ಲಿ ಎರಡೆರಡು ಸಲ ಮುದ್ರಿಸಿಕೊಟ್ಟಿರಿ. ತರಬೇತಿ ಶಾಲೆಯ ಗುಮಾಸ್ತರು, 'ಇದ್ರಲ್ಲಿ ಇಬ್ರು ಯಶೋದಾ ಇದಾರೆ, ಸೀಟಿರೋದು ಒಂದೇ' ಎಂದು ವಾಪಸು ಕಳಿಸಿದರು. ಆಗಲೇ ಗುರುವಾರವಾಗಿತ್ತು. ಸೀಟು ತಪ್ಪಿದರೆ ಹುಡುಗಿ ತಾಯಿಯ ಹಿಂದೆ ಕಳೆ ತೆಗೆಯಲು ಹೋಗಬೇಕಾಗಿತ್ತು.

ಆಗ ತಾವು ಅಕ್ಷರಗಳ ಸಾಲು ಸರಿಪಡಿಸಿಕೊಳ್ಳಲೆಂದು ಏಳು ಜೋಡಿ ಗೆರೆಗಳಿದ್ದ ಹಾಳೆಯೊಂದನ್ನು ದಯಪಾಲಿಸಿ, ಯಾವುದು ನೆಟ್ಟಗಿದೆಯೋ ಅದರ ನಂಬರ್ ಒತ್ತಿರೆಂದು ಕೇಳಿದಿರಿ. ಮಹಾಶಯರೇ, ಇಪ್ಪತ್ತೆರಡು ವರ್ಷಗಳಲ್ಲಿ ಈ ಆಫೀಸಿನಲ್ಲಿ ನನ್ನ ಅಭಿಪ್ರಾಯ ಕೇಳಿದವರು ತಾವೊಬ್ಬರೇ. ಆ ಭಾರ ಹೊರಲಾರದೆ ಹಾಳೆಯನ್ನು ಧಣಿ ಚನ್ನಕೇಶವ ಗೌಡರ ಮುಂದೆ ಹಿಡಿದೆ. ಎರಡೂ ಕಣ್ಣಿಗೆ ಪೊರೆ ಬಂದಿದ್ದರೂ ಮಳೆ ಮುಗಿಯಲೆಂದು ಆಪರೇಷನ್ ಮುಂದೂಡಿರುವ ಅವರು ಅದನ್ನು ಮೂಗಿಗೆ ತಾಗಿಸಿಕೊಂಡು, 'ಮೂರು' ಎಂದರು. ಐದನೆಯದು ನೆಟ್ಟಗಿರುವುದು ನನಗೆ ಚೆನ್ನಾಗಿಯೇ ಕಾಣುತ್ತಿತ್ತು. ಆದರೂ ಮೇಸ್ತ್ರಿ ರುದ್ರಪ್ಪ ಮೂರೇ ಎಂದ, ನಾನೂ ಮೂರನ್ನೇ ಒತ್ತಿದೆ. ಈ ಸಲ ಯಶೋದಾ ಮೂವರಾದರು.

ಬಾಗಿಲಲ್ಲಿ ನಿಂತಿದ್ದ ತಂಗಮ್ಮ ಹಾಳೆಯತ್ತ ಬಗ್ಗಿ ನೋಡಿ, 'ಐದ್ನೇದಲ್ವಾ ರೈಟ್ರೇ ನೆಟ್ಟಗಿರೋದು? ನಿಮ್ಗೂ ಪೊರೆ ಬಂತಾ ಮಾರಾಯ್ರೇ?' ಎಂದಳು. ನನಗೆ ನಾಚಿಕೆಯಾಯಿತು. ಧಣಿಗಳು ಊಟಕ್ಕೆ ಎದ್ದು ಹೋದ ಮೇಲೆ, ಹಾವೂ ಸಾಯದಂತೆ ಕೋಲೂ ಮುರಿಯದಂತೆ, ಬಾಗಿಲು ಮುಂದೆ ಮಾಡಿಕೊಂಡು ಐದನ್ನು ಒತ್ತಿದೆ. ಒಬ್ಬಳೇ ಯಶೋದಾ ಹೊರಬಂದಳು. ಮರುದಿನ ಬೆಳಗಿನ ಬಸ್ಸಿಗೆ ಹೋಗಿ ತರಬೇತಿಗೆ ಸೇರಿಯೂ ಬಿಟ್ಟಳು.

ಆದಕಾರಣ ತಮ್ಮಲ್ಲಿ ಪ್ರಾರ್ಥನೆ: ಇಂಥ ಪ್ರಶ್ನೆಗಳನ್ನು ಇನ್ನು ಮುಂದೆ ಧಣಿಗಳು ತೋಟಕ್ಕೆ ಹೋದಾಗ ಮಾತ್ರ ಕೇಳಬೇಕು. ಅದಾಗದಿದ್ದರೆ, ಧಣಿಗಳು ಯಾವ ನಂಬರ್ ಹೇಳುತ್ತಾರೋ ಆ ಗೆರೆಯನ್ನೇ ತಕ್ಷಣ ನೆಟ್ಟಗೆ ಮಾಡಿಕೊಳ್ಳುವ ವಿನಯವನ್ನು ತಾವು ರೂಢಿಸಿಕೊಳ್ಳಬೇಕು. ಅದೇನೂ ಕಷ್ಟವಲ್ಲ, ನಾನೇ ಕಲಿಸಿಕೊಡುತ್ತೇನೆ.

ಇಂತಿ,
ತಮ್ಮ ವಿಶ್ವಾಸಿ,
ಗುರುವಯ್ಯ, ರೈಟರ್

ತಾ.ಕ.: ಯಶೋದಾ ಸೇರಿದ ಸುದ್ದಿ ಕೇಳಿ ಧಣಿಗಳು ಪತ್ರದ ಪ್ರತಿಯನ್ನು ತರಿಸಿಕೊಂಡು, 'ನೋಡಿದ್ರಾ ಗುರುವಯ್ಯ, ನಾನು ಹೇಳಿದ್ ಮೂರೇ ಸರಿ' ಎಂದರು. ಮಗಳ ಪರವಾಗಿ ಸಿಹಿ ಕೊಡಲು ಬಂದಿದ್ದ ತಂಗಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು, 'ಹೌದು ಧಣಿ' ಎಂದೆ.